ಗೊಟ್ಟಿಗೆರೆಯ ಮಾಳಿಗೆ ಒಪ್ಪಿದ ತಾರೀಖು

ಬಾಡಿಗೆದಾರರಿಗೆ ವಾರಕ್ಕೆರಡು ದಿನ ನೀರು ಬಿಡುವ ಗೊಟ್ಟಿಗೆರೆಯ ಚಿಕ್ಕಬೈರಪ್ಪನವರು ನೆಂಟರಿಗೆ ನಕ್ಷತ್ರ ತೋರಿಸಲು ಕಂಪ್ಯೂಟರ್ ದುರ್ಬೀನು ತಂದರು. ತಾರೀಖು, ವೇಳೆ ಕೊಟ್ಟು ಎರಡು ನಕ್ಷತ್ರ ತೋರಿಸಿದರೆ ಉಳಿದ ಆಕಾಶವನ್ನು ಅದು ತಾನೇ ಗುರುತಿಸಬೇಕು. ಗುರುತಿಸಲಿಲ್ಲ. ರಿಪೇರಿಗೆ ನನ್ನನ್ನು ಅವರ ಮಾಳಿಗೆಗೆ ಕರೆಸಿದರು.

ಮಾರ್ಚ್ ತಿಂಗಳ ಸಂಜೆ, ಮೈಯೆಲ್ಲ ಬೆವರು. ದುರ್ಬೀನಿನ ಕೊಳವೆ ಮಾತ್ರ ಕೈ ಮರಗಟ್ಟುವಷ್ಟು ತಣ್ಣಗಿತ್ತು. ಅಂದಿನ ತಾರೀಖು ಹಾಕಿ ಲುಬ್ಧಕ, ರೋಹಿಣಿ ಎರಡನ್ನೂ ಒಂದೊಂದಾಗಿ ನೋಟದ ನಡುವೆ ಹಿಡಿದೆ. ಮೂರು ಸಲವೂ ‘ಅಲೈನ್‌ಮೆಂಟ್ ಫೇಲ್’ ಎಂದಿತು. ನಾಲ್ಕನೆಯ ಸಲ ತಾರೀಖು ತಾನಾಗಿಯೇ ನವೆಂಬರ್ ಹತ್ತೊಂಬತ್ತಕ್ಕೆ ಹೋಯಿತು; ಅದನ್ನು ಗಟ್ಟಿಯಾಗಿ ಓದಿ ಹೇಳಿದೆ. ಎಲ್ಲಿಂದಲೋ ಹಸಿ ಸಿಮೆಂಟಿನ ವಾಸನೆ ಬಂತು.

“ಅದನ್ನೇ ಒತ್ತಿ ಸಾರ್, ಮಿಷಿನ್‌ಗೇನು ಪಂಚಾಂಗ ಗೊತ್ತಾ?” ಎಂದು ನಕ್ಕರು ಧಣಿ. ಒತ್ತಿದೆ. ಹೊಂದಿತು.

ಮೆಟ್ಟಿಲು ಒರೆಸುತ್ತಿದ್ದ ಶಂಕ್ರವ್ವ ಎದ್ದು ನಿಂತಳು. “ನನ್ನ ಗಂಡ ಗಾರೆ ಹಾಕೂವಾಗ ಇಲ್ಲಿಂದ ಬಿದ್ದು ಸತ್ತಿದ್ದು ಅವತ್ತ ರೀ ಸರ. ಅಂವ ಕೆಲಸಕ್ಕ ಬಂದೇ ಇಲ್ಲಂತ ಪೊಲೀಸರಿಗೆ ಬರ್ಕೊಟ್ಟಾರ ಇವ್ರು.”

“ಬಾಯ್ ಮುಚ್ಕೊಂಡು ಒರ್ಸಮ್ಮ! ಡಬ್ಬಾ ಮಿಷಿನ್ ಇದು, ನೀವೇ ತಗೊಂಡೋಗಿ ಸಾರ್.”

ಅದೀಗ ನನ್ನ ಇಟ್ಟಮಡುವಿನ ಮಾಳಿಗೆಯಲ್ಲಿ ಆಯಾ ದಿನದ ತಾರೀಖಿಗೇ ಸರಿಯಾಗಿ ನಡೆಯುತ್ತಿದೆ. ಧಣಿಗಳು ಎರಡು ಪಟ್ಟು ಬೆಲೆಯ ಹೊಸದನ್ನು ತಂದಿದ್ದಾರೆ. ಅವರ ಮಾಳಿಗೆಯಲ್ಲಿ ಅದೂ ನವೆಂಬರ್ ಹತ್ತೊಂಬತ್ತನ್ನು ಬಿಟ್ಟು ಬೇರೆ ತಾರೀಖನ್ನು ಒಪ್ಪುತ್ತಿಲ್ಲ.