ಅಮ್ಮನ ಅಳತೆಯ ಬೆಲ್ಲ

ಟೆಂಪೋದ ಮುಂದಿನ ಸೀಟಿನಿಂದ ಅಪರಿಚಿತ ಹುಡುಗಿಯೊಬ್ಬಳು ಇಳಿದಳು. ವಿನೋದಾಳ ಕೈಯ ಸೌಟು ಸಾಂಬಾರಿನಲ್ಲೇ ನಿಂತುಬಿಟ್ಟಿತು!

ಅದು ವಿನೋದಾಳ ಸೀಟು. ಎರಡು ವರ್ಷದಿಂದ ಪ್ರತಿ ಭಾನುವಾರ ಡೊಂಬಿವಲಿಯ ಕನ್ನಡ ಸಂಘದ ಅಡುಗೆಮನೆಯಲ್ಲಿ ಅವಳು ಬೇಯಿಸುತ್ತಿದ್ದಳು. ಪಕ್ಕದ ಕಲ್ಯಾಣದಲ್ಲಿ ಬಿಲ್ಡಿಂಗ್ ಕಟ್ಟುವ ಕಲಬುರ್ಗಿ ಕಡೆಯ ಕೂಲಿಗಳಿಗೆ ಆ ಊಟ ಒಯ್ಯಲು ಕೀರ್ತನ್ ತನ್ನ ಅಪ್ಪನ ಹೋಟೆಲಿನ ಟೆಂಪೋ ತರುತ್ತಿದ್ದ.

"ಇವರು ಯಾಮಿನಿ. ಮೈಸೂರಿನವರು, ವಾಶಿಯಲ್ಲಿ ಸಂಶೋಧನೆ ಮಾಡ್ತಾರೆ. ನಮ್ಮ ಊಟದ ಬಗ್ಗೆ ಸ್ಟಡಿ ಮಾಡ್ಲಿಕ್ಕೆ ನಾನೇ ಕರೆದೆ," ಎಂದ ಕೀರ್ತನ್.

ನಾನೇ ಕರೆದೆ... ಅಂತೆ!

"ಊಟದಲ್ಲಿ ಸ್ಟಡಿ ಎಂತದ್ದು ಮಾರಾಯಾ? ಹಸಿದವರಿಗೆ ಬಡಿಸಿದ್ರೆ ಆಯ್ತಲ್ಲ!" ವಿನೋದಾ ಸಿಡುಕಿದಳು.

"ಬಡಿಸಿದ್ದು ಹೊಟ್ಟೆಗೆ ಸೇರುತ್ತಾ ಅಂತಾನೂ ನೋಡ್ಬೇಕಲ್ವಾ?" ಯಾಮಿನಿ ನಕ್ಕಳು. ಹಾಳಾದ್ದು, ನಗುವೂ ಚೆಂದವಿತ್ತು!

ಅಂದಿನಿಂದ ಶುರುವಾಯಿತು ನೋಡಿ ಸಂಕಟ. ಬಡಿಸಿ ಮುಗಿದದ್ದೇ ವಿನೋದಾ ಖಾಲಿ ಪಾತ್ರೆಗಳ ಜೊತೆ ಡೊಂಬಿವಲಿಗೆ ಹೊರಡಬೇಕು. ಮೊದಲು ಕೀರ್ತನ್ ಕರೆದೊಯ್ಯುತ್ತಿದ್ದ. ಈಗ ಹೋಟೆಲಿನ ಮಾಪಣ್ಣ ಗಾಡಿ ಓಡಿಸುತ್ತಿದ್ದ, ಕೀರ್ತನ್ ಯಾಮಿನಿಯ ಜೊತೆ ಅಲ್ಲೇ ಉಳಿಯುತ್ತಿದ್ದ. ಸದಾ ಗುಸುಗುಸು. ಇವಳು ಹತ್ತಿರ ಹೋದರೆ ಇಬ್ಬರೂ ಗಪ್‌ಚುಪ್!

'ಬರೀ ಕೂತು ನೋಡುವುದಕ್ಕೆ ಸಂಶೋಧನೆ ಅಂತ ಹೆಸರು ಬೇರೆ! ಬೆವರು ಸುರಿಸಿದವಳು ನಾನು, ಇವನ ಕಣ್ಣು ಮಾತ್ರ ಅವಳ ಮೇಲೆ...'

ಒಂದು ಭಾನುವಾರ ವಾಪಸ್ ಹೋಗುವ ದಾರಿಯಲ್ಲಿ ಅವಳಿಗೆ ತಡೆಯಲಾಗಲಿಲ್ಲ. ಅಡುಗೆಯೂ ಬೇಡ, ಕೀರ್ತನ್ನೂ ಬೇಡ, ಇವತ್ತೇ ಕೊನೆ ಎಂದು ಮುಖದ ಮೇಲೆ ಹೇಳಿಯೇ ಬರುತ್ತೇನೆ!

"ಮಾಪಣ್ಣ, ಗಾಡಿ ತಿರುಗಿಸಿ!"

ಬಿಲ್ಡಿಂಗಿನ ಬಳಿ ಇಳಿದು, ನೀರಿನ ಟಾಕಿಯ ಹಿಂದೆ ನಿಂತು ಇಣುಕಿದಳು. ಅಯ್ಯೋ, ಅವರಿಬ್ಬರೂ ಹತ್ತಿರ ಕೂಡ ಇರಲಿಲ್ಲ! ಯಾಮಿನಿ ಹೆಂಗಸರ ನಡುವೆ, ಕೀರ್ತನ್ ದೂರದಲ್ಲಿ ಮಕ್ಕಳ ಜೊತೆ. ಆದರೆ ಕೂಲಿ ಹೆಂಗಸು ಗುರಮ್ಮ ಮಕ್ಕಳ ತಟ್ಟೆಯ ಸಾಂಬಾರನ್ನು ಬಗ್ಗಿಸಿ ಚೆಲ್ಲುತ್ತಿದ್ದಳು! ಉಳಿದ ಅನ್ನಕ್ಕೆ ಶೇಂಗಾ ಹಿಂಡಿಯ ಖಾರದ ಚಟ್ನಿಪುಡಿ ಉದುರಿಸಿದಳು. ಮಕ್ಕಳು ನಾಲ್ಕು ತುತ್ತು ತಿಂದು ಎದ್ದವು.

"ಗುರಮ್ಮಾ! ಯಾಕೆ ಚೆಲ್ಲಿದ್ರಿ?"

ಗುರಮ್ಮ ಗಾಬರಿಯಾದಳು. "ಸಿಟ್ಟಾಗಬ್ಯಾಡ್ರಿ ಯಕ್ಕಾ... ನೀವ್ ಇರೂತನಕಾ ಹೆಂಗ್ಯಾರ ಉಣತೀವ್ರಿ. ಸಾರು ಪಾಯಸದಾಂಗ ಸೀ ಐತ್ರಿ. ಕೂಸುಗೋಳು ಒಲ್ಲೆ ಅಂತಾವ."

ವಿನೋದಾಳ ಕಣ್ಣು ತುಂಬಿತು. ತೀರಿಹೋದ ಅಮ್ಮ ಸಾಂಬಾರಿಗೆ ಹಾಕುತ್ತಿದ್ದ ಅಳತೆಯ ಬೆಲ್ಲ ಅದು. ಎರಡು ವರ್ಷ ಬಡಿಸಿದ್ದಳು, ಒಂದು ದಿನವೂ ಕೂತು ನೋಡಿರಲಿಲ್ಲ. ಇವತ್ತು ನೋಡಿದ್ದೂ ಹೊಟ್ಟೆಕಿಚ್ಚಿಗೆ!

"ಕೀರ್ತನ್, ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು... ಅಮ್ಮನ ಕೈರುಚಿ ಅಂತ ನೀನು ಅಷ್ಟು ಪ್ರೀತಿಯಿಂದ ಹೇಳ್ತಿದ್ದೆ. ನನಗೆ ಬಾಯಿ ಬರ್ಲಿಲ್ಲ."

"ಇವರು 'ವಿನೋದಾಗೆ ಹೇಗೆ ಹೇಳೋದು' ಅಂತ ನನ್ನ ತಲೆ ತಿಂದುಬಿಟ್ರು ಕಣ್ರೀ!" ಎಂದಳು ಯಾಮಿನಿ. "ನಾನು ನೋಡಿ ಹೇಳಬಲ್ಲೆ, ಅಷ್ಟೇ. ಇಷ್ಟು ಜನಕ್ಕೆ ಬೇಯಿಸಿ ಹಾಕೋಕೆ ನೀವೇ ಬೇಕು."

ವಿನೋದಾ ಗುರಮ್ಮನ ಪಕ್ಕದಲ್ಲೇ ಕೂತಳು. "ಮುಂದಿನ ವಾರ ಅಡುಗೆಗೆ ನೀವೂ ಬನ್ನಿ. ಖಾರ ಎಷ್ಟು ಅಂತ ನನಗೆ ಕಲಿಸಿ."

ಯಾಮಿನಿ ವಾಶಿಯ ಬಸ್ಸು ಹತ್ತಿದಳು. ಕೀರ್ತನ್ ಸ್ಟಿಯರಿಂಗ್ ಹಿಡಿದ, ಮಾಪಣ್ಣ ಪಾತ್ರೆಗಳ ಜೊತೆ ಹಿಂದೆ ಕೂತ. ಪತ್ರಿ ಪೂಲ್ ಸೇತುವೆಯ ಹತ್ತಿರ ಟ್ರಾಫಿಕ್ಕಿನಲ್ಲಿ ಗಾಡಿ ನಿಂತಿತು.

"ವಾಪಸ್ ಯಾಕೆ ಬಂದೆ?"

"ಈ ಸೀಟಿನಲ್ಲಿ ಅವಳು ಕೂತದ್ದು ನನಗೆ ಸಹಿಸ್ಲಿಕ್ಕೆ ಆಗ್ಲಿಲ್ಲ. ಹೊಟ್ಟೆಕಿಚ್ಚು! ಸಾಕಾ?"

ಅವನ ಮುಖ ಅರಳಿತು. "ಬೆಲ್ಲ ಜಾಸ್ತಿಯಾಯ್ತು ಅಂತ ಹೇಳುವ ಧೈರ್ಯವೇ ಇಲ್ಲದವ, ನಿನ್ನನ್ನು ಪ್ರೀತಿಸ್ತೇನೆ ಅಂತ ಹೇಗೆ ಹೇಳ್ಲಿ ಮಾರಾಯ್ತಿ?"

"ಈಗ ಹೇಳಿದೆಯಲ್ಲ..." ಅವಳು ಅವನತ್ತ ತಿರುಗಿದಳು. "ಇನ್ನೊಂದು ನಿಜ ಹೇಳು. ನಿನಗೂ ಸಿಹಿ ಜಾಸ್ತಿಯಾ?"

"ನನಗಾ?" ಕೀರ್ತನ್ ಅವಳ ಕೈ ಹಿಡಿದ. "ನನಗೆ ಅಮ್ಮನ ಅಳತೆಯೇ ಬೇಕು. ದಿನಾ ಬೇಕು."