ಗೇಣಗಲದ ಕಿಂಡಿ

"ಗರಗಸ ಕೆಳಗಿಡಿ! ಮೊದಲು ಕೆಳಗಿಡಿ ಅಂದೆ!"

ಹಿತ್ತಿಲ ಬಾಗಿಲ ಮುಂದೆ ಮಂಡಿಯೂರಿ ಕೂತಿದ್ದವನು ಬೆಚ್ಚಿ ತಲೆಯೆತ್ತಿದ. ಕಿವಿಯ ಸಂದಿಯಲ್ಲಿ ಪೆನ್ಸಿಲ್, ಹುಬ್ಬಿನ ಮೇಲೆಲ್ಲ ಮರದ ಪುಡಿ. ಕಣ್ಣು ಮಾತ್ರ... ಛೆ, ಕಳ್ಳನ ಕಣ್ಣು ಇಷ್ಟು ಶಾಂತವಾಗಿರುತ್ತದೆಯೇ?

"ಯಾರ್ರೀ ನೀವು? ನಮ್ಮನೆ ಬಾಗಿಲು ಯಾಕೆ ಕೊಯ್ತಿದ್ದೀರಿ?"

"ಬಡಗಿ ಕಣ್ರೀ. ಇನ್ನೂ ಕೊಯ್ದಿಲ್ಲ. ಎಲ್ಲಿ ಕೊಯ್ಯೋದು ಅಂತ ನೋಡ್ತಿದ್ದೆ ಅಷ್ಟೇ."

"ಕಳ್ಳರೂ ಮೊದಲು ಹಾಗೇ ನೋಡೋದು!"

ಒಳಗಿನಿಂದ ಊರುಗೋಲಿನ ಸದ್ದು ಬಂತು. ಹಿಂದೆಯೇ ಅಜ್ಜಿ.

"ಅರಚಬೇಡ ಪುಟ್ಟಿ, ನಾನೇ ಕರೆಸಿದ್ದು. ನಾಯಿ ಬಂದ ಮೇಲೆ ಹಿತ್ತಿಲಿಗೆ ಓಡಾಡೋಕೆ ಬಾಗಿಲಲ್ಲೊಂದು ಕಿಂಡಿ ಬೇಡ್ವಾ? ಪ್ರತಿ ಸಲ ಎದ್ದು ಬಾಗಿಲು ತೆಗಿ ಅಂದ್ರೆ ನನ್ನ ಮಂಡಿ ಕೇಳುತ್ತಾ?"

"ಯಾವ ನಾಯಿ ಅಜ್ಜಿ? ಇನ್ನೂ ನೋಡೇ ಇಲ್ಲ!"

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರಂತೆ ಎನ್ನುತ್ತಾರಲ್ಲ, ಅದು ಇದೇ. ಪುಟ್ಟಿ ಹಗಲೆಲ್ಲ ತನ್ನ ಟೈಲರ್ ಅಂಗಡಿಯಲ್ಲಿರುತ್ತಿದ್ದಳು. ಮನೆಯಲ್ಲಿ ಅಜ್ಜಿ ಒಬ್ಬಳೇ. ಜೊತೆಗೊಂದು ನಾಯಿ ತರೋಣ ಎಂದು ಮೊನ್ನೆ ತಾನೇ ಮಾತಾಗಿತ್ತು. ಅಷ್ಟರಲ್ಲಿ ಬಡಗಿ ಬಂದು ಕೂತಿದ್ದ!

"ನಾಯಿ ಚಿಕ್ಕದೋ ದೊಡ್ಡದೋ?" ಅವನು ಕೇಳಿದ. "ಅದು ತಿಳೀದೆ ನಾನು ಗರಗಸ ಇಡಲ್ಲ."

"ಚಿಕ್ಕದು," ಎಂದಳು ಪುಟ್ಟಿ ತಟ್ಟನೆ.

"ದೊಡ್ಡದೇ ಒಳ್ಳೇದು," ಎಂದ ಅವನು, ಅಷ್ಟೇ ತಟ್ಟನೆ.

"ನನಗೆ ಯಾವುದಾದ್ರೂ ಸರಿ. ಬಾಲ ಇದ್ರೆ ಸಾಕು," ಎಂದಳು ಅಜ್ಜಿ.

ಸಾಕುವವರಿಲ್ಲದ ನಾಯಿಗಳಿಗೆ ಮನೆ ಹುಡುಕಿಕೊಡುವ ಟೀಚರಮ್ಮ ಒಬ್ಬರಿದ್ದರು. ಅವರ ಬಳಿ ಈಗ ಇದ್ದದ್ದು ಎರಡು. ಬೆಳ್ಳನೆಯ ಪೊಮೆರೇನಿಯನ್ ಒಂದು, ಕಪ್ಪು ಲ್ಯಾಬ್ರಡಾರ್ ಒಂದು. ಯಾವುದು ಎಂಬುದು ಇತ್ಯರ್ಥವಾಗದೆ ದಿನಗಳು ಉರುಳಿದವು. ಬಡಗಿ ಮಾತ್ರ "ಅಳತೆ ಗೊತ್ತಾಯ್ತಾ?" ಎನ್ನುತ್ತ ಸಂಜೆಯ ಚಹಾದ ಹೊತ್ತಿಗೇ ಬರತೊಡಗಿದ. ಬಂದವನು ಸುಮ್ಮನೆ ಕೂರುತ್ತಿರಲಿಲ್ಲ. ಕಿರುಗುಟ್ಟುವ ಕಿಟಕಿಗೆ ಎಣ್ಣೆ ಬಿಟ್ಟ, ಅಜ್ಜಿಯ ಮಂಚದ ಕಾಲು ಬಿಗಿ ಮಾಡಿದ.

ಒಂದು ಸಂಜೆ ಪುಟ್ಟಿ ಮಗುವೊಂದರ ಶಾಲೆಯ ಲಂಗದ ಅಂಚು ಮಡಿಸುತ್ತಿದ್ದಳು. ಅವನು ಬಗ್ಗಿ ನೋಡಿದ.

"ಇಷ್ಟೊಂದು ಬಟ್ಟೆ ಒಳಗೆ ಮಡಚಿಬಿಟ್ರಾ? ದಂಡ ಅಲ್ವಾ?"

"ದಂಡ ಯಾಕೆ? ಮಕ್ಕಳು ಬೆಳೀತಾರೆ. ಆಗ ಬಿಚ್ಚಿ ಉದ್ದ ಮಾಡಬಹುದು. ಒಳಗೆ ಸ್ವಲ್ಪ ಬಿಡದೆ ಹೊಲಿದವಳು ಟೈಲರ್ರೇ ಅಲ್ಲ."

"ನಿಮ್ಮ ಪುಣ್ಯ. ಮರ ಹಾಗಲ್ಲ. ಕೊಯ್ದರೆ ಕೊಯ್ದ ಹಾಗೆ." ಅವನು ನಕ್ಕ.

ಆ ನಗುವಿಗೆ ಪುಟ್ಟಿಯ ಸೂಜಿ ದಾರಿ ತಪ್ಪಿ ಬೆರಳಿಗೇ ಚುಚ್ಚಿತು! 'ಇವನು ಬರದ ಸಂಜೆ ಹೇಗಿರುತ್ತದೆ?' ಎಂಬ ಯೋಚನೆ ಬಂದದ್ದೂ ಆಗಲೇ. ಕಿಂಡಿ ಆಗಿಬಿಟ್ಟರೆ ಅವನಿಗೆ ಇಲ್ಲೇನು ಕೆಲಸ?

ಆದರೆ ನಾಯಿಯ ಮಾತು ಬಂದರೆ ಇಬ್ಬರೂ ತಾವು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರೇ.

"ಚಿಕ್ಕದಾದ್ರೆ ಅಜ್ಜಿ ತೊಡೆ ಮೇಲೆ ಮಲಗುತ್ತೆ. ತಿನ್ನೋದೂ ಕಮ್ಮಿ. ನಮ್ಮದು ಎರಡು ಕೋಣೆ ಮನೆ ಕಣ್ರೀ!"

"ಮನೆ ಚಿಕ್ಕದಾದ್ರೇನು? ಪುಟ್ಟ ನಾಯಿ ಕಾಲಡಿ ಸುತ್ತುತ್ತೆ. ಅಜ್ಜಿ ಎಡವಿ ಬಿದ್ದರೆ? ನೀವು ಅಂಗಡೀಲಿ ಇರ್ತೀರಿ. ಎತ್ತೋರು ಯಾರು?"

ಆ ಮಾತು ಪುಟ್ಟಿಗೆ ಚುರ್ ಎಂದಿತು. ಅಜ್ಜಿಯನ್ನು ಒಂಟಿ ಬಿಟ್ಟು ಹೋಗುತ್ತೇನೆ ಎಂಬ ಅಳುಕು ಅವಳಿಗೆ ಮೊದಲೇ ಇತ್ತು.

"ನಮ್ಮಜ್ಜಿ ಚಿಂತೆ ನಿಮಗ್ಯಾಕೆ? ಕಿಂಡಿ ಕೊಯ್ಯೋಕೆ ಬಂದವರು ನೀವು!"

ಮಾತು ಆಡಿದರೆ ಹೋಯಿತು... ಅವನ ಮುಖ ಬಾಡಿತು. ಚಹಾದ ಲೋಟ ಮೆಲ್ಲಗೆ ಕೆಳಗಿಟ್ಟ.

"ಸರಿ. ಅಳತೆ ಹೇಳಿ. ನಾಳೆ ಕೊಯ್ದು ಹೋಗ್ತೀನಿ."

"ಒಂದು ಗೇಣು," ಎಂದಳು ಪುಟ್ಟಿ.

ಮರುದಿನ ಅಂಗಡಿಗೆ ರಜೆ ಹಾಕಿ ಅಜ್ಜಿಯನ್ನು ಟೀಚರಮ್ಮನ ಮನೆಗೆ ಕರೆದುಕೊಂಡು ಹೋದಳು. ಪೊಮೆರೇನಿಯನ್ ಬಲು ಮುದ್ದು! ಆದರೆ ಬಂದದ್ದೇ ಊರುಗೋಲಿಗೆ ಗಿರಗಿರ ಸುತ್ತು ಹಾಕಿತು. ಅಜ್ಜಿ ವಾಲಿದಳು. ಪುಟ್ಟಿ ಹಿಡಿದುಕೊಳ್ಳದಿದ್ದರೆ ಅಷ್ಟೇ ಕಥೆ.

ಕಪ್ಪು ಲ್ಯಾಬ್ರಡಾರ್ ಅವಸರ ಪಡಲಿಲ್ಲ. ನಿಧಾನವಾಗಿ ಬಂದು ಕುರ್ಚಿಯ ಪಕ್ಕ ನಿಂತಿತು. ಅಜ್ಜಿ ಅದರ ತಲೆ ಸವರಿದಳು, ಕಿವಿ ಹಿಂಡಿದಳು, ಏಳುವಾಗ ಬೆನ್ನ ಮೇಲೆ ಕೈಯಿಟ್ಟಳು. ಅದು ಕದಲಲಿಲ್ಲ.

"ಎಳೆ ವಯಸ್ಸಿನ ಲ್ಯಾಬ್ರಡಾರ್ ಆದ್ರೆ ನಾನೇ ಬೇಡ ಅಂತಿದ್ದೆ, ಖುಷಿಗೇ ಕೆಡವಿಬಿಡುತ್ತೆ," ಎಂದರು ಟೀಚರಮ್ಮ. "ಇದಕ್ಕೆ ವಯಸ್ಸಾಗಿದೆ, ಬುದ್ಧಿ ಬಂದಿದೆ. ಆದರೆ ಕೂದಲು ಉದುರುತ್ತೆ, ತಿನ್ನುತ್ತೆ ಕೂಡ."

"ನಾನೇನು ಉದುರಿಸಲ್ವಾ, ತಿನ್ನಲ್ವಾ?" ಎಂದಳು ಅಜ್ಜಿ.

ಪುಟ್ಟಿ ನಕ್ಕಳು. ನಗುತ್ತಲೇ ಕಣ್ಣು ಒದ್ದೆಯಾಯಿತು. 'ಅವನು ನನ್ನನ್ನು ಚುಚ್ಚಲಿಲ್ಲ. ಅಜ್ಜಿಯ ಮೇಲಿನ ಕಾಳಜಿಗೆ ಹಾಗೆ ಹೇಳಿದ. ನಾನೇ ಏನೇನೋ ಅಂದುಬಿಟ್ಟೆ...'

"ಇದನ್ನೇ ಕರ್ಕೊಂಡು ಹೋಗ್ತೀವಿ ಟೀಚರ್. ಬೇಗ ನಡಿ ಅಜ್ಜಿ, ಅವರು ಗರಗಸ ಇಡೋ ಮೊದಲು ಹೇಳಬೇಕು!"

ಮಂಡಿನೋವಿನ ಅಜ್ಜಿಯನ್ನು ಬೇಗ ನಡೆಸುವುದುಂಟೇ? ಇವರು ನಾಯಿಯೊಡನೆ ಮನೆ ಮುಟ್ಟುವಷ್ಟರಲ್ಲಿ ಹಿತ್ತಿಲು ಖಾಲಿ. ಬಾಗಿಲಲ್ಲಿ ಗೇಣಗಲದ ಕಿಂಡಿ, ಅಂಚುಗಳನ್ನು ಸಿಬಿರು ತಾಗದಂತೆ ಉಜ್ಜಿ ನುಣುಪು ಮಾಡಿದ್ದ. ಬಿದ್ದ ಪುಡಿಯನ್ನೂ ಗುಡಿಸಿ ಹೋಗಿದ್ದ.

'ಮುಗೀತು. ಇನ್ಯಾಕೆ ಬರ್ತಾನೆ?' ಪುಟ್ಟಿ ಒಳಗೆ ಹೋಗಿ ಬಾಗಿಲಿಗೆ ಒರಗಿ ಕೂತುಬಿಟ್ಟಳು.

ಆಗ ಪಕ್ಕದಲ್ಲೇ 'ಉಫ್' ಎಂಬ ಬಿಸಿಯುಸಿರು! ಕಿಂಡಿಯಿಂದ ದೊಡ್ಡ ಕಪ್ಪು ತಲೆಯೊಂದು ಒಳಗೆ ಬಂದಿತ್ತು. ತಲೆ ಬಂತು, ಭುಜ ಬರಲಿಲ್ಲ. ನಾಯಿ ಅವಳ ಕೆನ್ನೆ ನೆಕ್ಕಿ, ಇಷ್ಟೇ ಸಾಕೆಂಬಂತೆ ಅಲ್ಲೇ ನಿಂತಿತು.

ಹಿತ್ತಿಲಲ್ಲಿ ಅಜ್ಜಿ ಆಗಲೇ ಫೋನು ಹಿಡಿದಿದ್ದಳು. "ಬಡಗಿಯಪ್ಪಾ, ನಿನ್ನ ಕಿಂಡೀಲಿ ಒಂದು ತಲೆ ಸಿಕ್ಕಿಕೊಂಡಿದೆ, ಓಡಿ ಬಾ!"

ಸಿಕ್ಕಿಕೊಂಡೇನೂ ಇರಲಿಲ್ಲ. ಅವನು ಏದುಸಿರು ಬಿಡುತ್ತ ಬರುವಷ್ಟರಲ್ಲಿ ನಾಯಿ ತಲೆ ಹೊರಗೆಳೆದುಕೊಂಡು ಅಜ್ಜಿಯ ಕಾಲ ಬಳಿ ಮಲಗಿತ್ತು. ಪುಟ್ಟಿಯೂ ಹಿತ್ತಿಲಿಗೆ ಬಂದು ನಿಂತಿದ್ದಳು.

"ಲ್ಯಾಬ್ರಡಾರಾ? ನೀವು ಚಿಕ್ಕದು ಅಂದಿದ್ರಲ್ಲ?"

"ನೀವು ದೊಡ್ಡದು ಅಂದಿದ್ರಲ್ಲ!" ಎಂದಳು ಪುಟ್ಟಿ. "ನಿಮ್ಮ ಮಾತೇ ಸರಿ ಇತ್ತು. ನಿನ್ನೆ ನಾನು ಹಾಗೆ ಅನ್ನಬಾರದಿತ್ತು. ಈಗ ಬಾಗಿಲೂ ಹಾಳು... ಕೊಯ್ದರೆ ಕೊಯ್ದ ಹಾಗೆ ಅಲ್ವಾ?"

ಅವನು ಅವಳನ್ನು ಬಾಗಿಲ ಬಳಿ ಕೂರಿಸಿ ಬೆರಳು ತೋರಿಸಿದ. ಕಿಂಡಿಯ ಸುತ್ತ ತೆಳುವಾದ ಪೆನ್ಸಿಲ್ ಗೆರೆಯಲ್ಲಿ ಇನ್ನೊಂದು ಚೌಕ ಇತ್ತು. ಸಾಕಷ್ಟು ದೊಡ್ಡದು.

"ಇದು..."

"ನೀವೇ ಹೇಳಿಕೊಟ್ರಲ್ಲ, ಸ್ವಲ್ಪ ಬಿಡಬೇಕು ಅಂತ. ನಾನೂ ಬಿಟ್ಟೆ." ಅವನು ತಲೆ ತಗ್ಗಿಸಿದ. "ಯಾವತ್ತಾದ್ರೂ ದೊಡ್ಡ ನಾಯಿ ಬೇಕು ಅನಿಸಿದ್ರೆ ನನ್ನನ್ನೇ ಕರೀತೀರಿ ಅನ್ನೋ ಆಸೆ. ಕೆಲಸ ಮುಗಿದುಬಿಟ್ರೆ ನಿಮ್ಮನ್ನ ನೋಡೋಕೆ ನನಗೆ ಯಾವ ದಾರೀನೂ ಇರಲಿಲ್ಲ. ನೀವಂದ್ರೆ ನನಗೆ... ತುಂಬಾ ಇಷ್ಟ ಕಣ್ರೀ."

ಪುಟ್ಟಿ ಕೈ ಚಾಚಿ ಅವನ ಹುಬ್ಬಿನ ಮೇಲಿದ್ದ ಮರದ ಪುಡಿ ಒರೆಸಿದಳು. ಮೊದಲ ದಿನವೇ ಒರೆಸಬೇಕು ಅನಿಸಿದ್ದ ಪುಡಿ ಅದು.

"ನನಗೂ," ಎಂದಳು ಮೆಲ್ಲಗೆ.

ಅವನು ಗರಗಸ ಎತ್ತಿಕೊಂಡ. "ಇವತ್ತೇ ಮುಗಿಸಿಬಿಡಲಾ?"

"ಬೇಡ. ಅರ್ಧ ಕೊಯ್ಯಿರಿ. ಉಳಿದದ್ದು ನಾಳೆ ಸಂಜೆಗೆ."

"ಅದೂ ಮುಗಿದ ಮೇಲೆ?"

"ಆಮೇಲೆ ನಿಮಗೆ ಕಿಂಡಿಯ ನೆಪ ಯಾಕೆ? ಮುಂಬಾಗಿಲಿಂದಲೇ ಬನ್ನಿ."