ಗೆರೆಯಿಲ್ಲದ ಹೆಬ್ಬೆಟ್ಟು

೨೦೦೮ರ ಮಾರ್ಚ್ ೧೨, ಬುಧವಾರ. ಬೆಳಿಗ್ಗೆ ೯.೨೦ಕ್ಕೆ ಚನ್ನಪಟ್ಟಣದ ಹುಣಸೆತೋಪು ಠಾಣೆಗೆ ಬದ್ರುನ್ನೀಸಾ ಎಂಬ ಹೆಂಗಸು ದೂರು ತಂದಳು. ದೂರು ಆ ಠಾಣೆಯ ಮೇಲೆಯೇ ಇತ್ತು.

ಅವಳ ಗಂಡ ಗಫಾರ್ ಇಪ್ಪತ್ತೆರಡು ವರ್ಷದಿಂದ ರೇಷ್ಮೆ ನೂಲು ತೆಗೆಯುವ ಘಟಕದಲ್ಲಿ ದುಡಿಯುತ್ತಿದ್ದ. ಘಟಕದ ಮೋಟಾರು ಕಳುವಾಗಿದೆಯೆಂದು ಸೋಮವಾರ ಮಧ್ಯಾಹ್ನ ಅವನನ್ನು ಠಾಣೆಗೆ ಕರೆತಂದಿದ್ದರು. ಈ ದಿನ ಬೆಳಿಗ್ಗೆ ಆರಕ್ಕೆ ಊರಾಚೆಯ ರೈಲು ಹಳಿಯ ಮೇಲೆ ಅವನ ಹೆಣ ಸಿಕ್ಕಿತ್ತು.

ಇನ್ಸ್‌ಪೆಕ್ಟರ್ ಬೋರಲಿಂಗಯ್ಯ ಎರಡು ದಿನದ ಬಂದೋಬಸ್ತು ಮುಗಿಸಿ ಬಿಡದಿಯಿಂದ ಆಗಷ್ಟೇ ಬಂದಿದ್ದರು. ಅಲ್ಲಿ ಕಾರ್ಖಾನೆ ಜಮೀನಿನ ಗಲಾಟೆ. ಅವರು ಸ್ಟೇಷನ್ ಡೈರಿ ತೆಗೆದು ನೋಡಿದರು. ಮಂಗಳವಾರ ಸಂಜೆ ೫.೪೦ಕ್ಕೆ ಗಫಾರನನ್ನು ಬಿಟ್ಟು ಕಳಿಸಲಾಗಿದೆ, ಹೆಬ್ಬೆಟ್ಟಿನ ಗುರುತು ಪಡೆಯಲಾಗಿದೆ ಎಂದಿತ್ತು.

“ನಿನ್ನೆ ಸಂಜೇನೇ ಬಿಟ್ಟವ್ರೆ ಕಣಮ್ಮ. ಮನೆಗೆ ಬರ್ಲಿಲ್ವಾ?”

“ಬಿಟ್ಟಿದ್ರೆ ಬತ್ತಿದ್ರು ಸಾರ್. ಇಲ್ಲಿಂದ ನಮ್ಮನೆ ಒಂದು ಬೀಡಿ ಸೇದಿ ಮುಗಿಯೋಷ್ಟು ದೂರ.”

ಪಕ್ಕದ ಮೇಜಿನಿಂದ ಹೆಡ್ ಕಾನ್‌ಸ್ಟೆಬಲ್ ಚೆಲುವಯ್ಯ ಬಾಯಿ ಹಾಕಿದ. “ಮರ್ವಾದೆಗೆ ಅಂಜಿ ರೈಲಿಗೆ ಬಿದ್ದವ್ನೆ ಸಾರ್.”

ಬದ್ರುನ್ನೀಸಾ ಅವನತ್ತ ತಿರುಗಲಿಲ್ಲ. “ತಾನಾಗೇ ಸತ್ತ ಅಂತ ಕಾಗ್ದ ಹೇಳುದ್ರೆ ಮಣ್ಣಿಗೆ ಮುಂಚಿನ ಜನಾಜಾ ನಮಾಜಿಗೆ ಹಿರೀಕರು ಹಿಂದೇಟು ಹೊಡೀತವ್ರೆ. ಅವ್ರು ಕಳ್ಳರಲ್ಲ. ಪ್ರಾಣ ತಗಂಡೋರೂ ಅಲ್ಲ. ಅಷ್ಟು ಬರ್ಕೊಡಿ, ಮಣ್ಣು ಮಾಡ್ತೀವಿ.”

ಬೋರಲಿಂಗಯ್ಯ ಬಿಡುಗಡೆಯ ಕಾಗದವನ್ನು ಅವಳ ಮುಂದಿಟ್ಟರು. ಅವಳು ಬಗ್ಗಿ ನೋಡಿದಳು.

“ಇದು ಅವ್ರುದಲ್ಲ. ಅವ್ರ ಹೆಬ್ಬೆಟ್ಟಲ್ಲಿ ಗೆರೆನೇ ಇಲ್ಲ.”

“ಗೆರೆ ಇಲ್ದಿರೋ ಹೆಬ್ಬೆಟ್ಟಾ?” ಚೆಲುವಯ್ಯ ನಕ್ಕ. “ಬ್ರಹ್ಮ ಬರಿಯೋದು ಮರ್ತ್‌ಬುಟ್ಟವ್ನಾ?”

೧೧.೧೫ಕ್ಕೆ ಆಸ್ಪತ್ರೆಯ ಶವಾಗಾರದಲ್ಲಿ ತಹಸೀಲ್ದಾರರ ಎದುರು ಪಂಚನಾಮೆ ನಡೆಯಿತು. ಕಾನ್‌ಸ್ಟೆಬಲ್ ಸೌಮ್ಯ ಬರೆದುಕೊಂಡಳು: ಎರಡೂ ಅಂಗಾಲು ಬಾತು ನೀಲಿಗಟ್ಟಿವೆ. ರೈಲಿನಿಂದಾದ ಗಾಯಗಳಲ್ಲಿ ರಕ್ತ ಹರಿದಿಲ್ಲ. ಅವು ಸತ್ತ ಮೇಲಿನ ಗಾಯಗಳು ಎಂದರು ವೈದ್ಯರು. ಕೊನೆಗೆ ಹೆಣದ ಹೆಬ್ಬೆಟ್ಟಿಗೆ ಶಾಯಿ ಹಚ್ಚಿ ಒತ್ತಿದರು. ಕಾಗದದ ಮೇಲೆ ಬರೀ ಕಪ್ಪು ಕಲೆ ಬಿತ್ತು.

೨.೩೦ಕ್ಕೆ ಬೋರಲಿಂಗಯ್ಯ, ಸೌಮ್ಯ ಇಬ್ಬರೂ ರೇಷ್ಮೆ ಘಟಕಕ್ಕೆ ಹೋದರು. ಹಬೆಯಲ್ಲಿ ಎದುರಿನವರ ಮುಖ ಕಾಣುತ್ತಿರಲಿಲ್ಲ. ಕೆಲಸದವರು ಸುಡುನೀರಿನ ಬಾನಿಗೆ ಬರಿಗೈ ಹಾಕಿ, ಬೆಂದ ಗೂಡುಗಳಲ್ಲಿ ಎಳೆಯ ತುದಿ ಹುಡುಕುತ್ತಿದ್ದರು. ದೊಡ್ಡಲಕ್ಷ್ಮಮ್ಮ ಎಂಬಾಕೆ ಅಂಗೈ ಬಿಡಿಸಿ ತೋರಿಸಿದಳು. ಬೆರಳ ತುದಿಗಳು ಬೆಳ್ಳಗೆ ನುಣುಪಾಗಿದ್ದವು.

“ರೇಷನ್ ಕಾರ್ಡಿಗೆ ಬೆರಳೊತ್ತಕ್ಕೋದ್ರೆ ಆ ಮಿಸಿನ್ನು ನಮ್ಮನ್ನ ಮನುಸ್ರು ಅಂತ್ಲೇ ಒಪ್ಪಲಿಲ್ಲ ಸ್ವಾಮಿ.”

ಬೋರಲಿಂಗಯ್ಯ ಆರು ಮಂದಿಯ ಹೆಬ್ಬೆಟ್ಟು ಒತ್ತಿಸಿದರು. ಆರೂ ಬರೀ ಕಪ್ಪು ಕಲೆಗಳು.

ಠಾಣೆಗೆ ಮರಳಿ ಬಿಡುಗಡೆಯ ಕಾಗದದ ಮೇಲೆ ಭೂತಗನ್ನಡಿ ಹಿಡಿದರು. ಹೆಬ್ಬೆಟ್ಟಿನ ಗೆರೆಗಳು ಎಣಿಸುವಂತಿದ್ದವು. ನಡುವೆ ಓರೆಯಾಗಿ ಒಂದು ಹಳೆಯ ಗಾಯದ ಗುರುತು. ಅವರು ಚೆಲುವಯ್ಯನನ್ನು ಕರೆಸಿದರು.

“ನಿಮ್ದು ದೊಡ್ಡಆಲಹಳ್ಳಿ ಅಲ್ವಾ? ಹಿಪ್ಪುನೇರಳೆ ಇತ್ತಾ?”

“ಎರಡೆಕರೆ ಸಾರ್. ಇಸ್ಕೂಲಿಗೆ ಹೋಗೋಕ್ ಮುಂಚೆ ಸೊಪ್ಪು ಕುಯ್ದು ಹುಳಕ್ಕೆ ಹಾಕ್ತಿದ್ದೆ.”

“ಹೆಬ್ಬೆಟ್ಟಿನ ಗಾಯ ಆಗ ಆಗಿದ್ದಾ?”

ಚೆಲುವಯ್ಯ ಎಡಗೈ ಮಡಚಿಕೊಂಡ.

“ಗೂಡು ಮಾರಿದ್ಮೇಲೆ ಅದ್ರಿಂದ ನೂಲು ತೆಗೆಯೋರ ಕೈ ಏನಾಗುತ್ತೆ ಅಂತ ನೋಡಿದ್ದೀರಾ?”

“ಇಲ್ಲ ಸಾರ್. ಮಾರ್ಕೆಟ್ಟಿಗೆ ಹಾಕ್‌ಬುಟ್ಟು ಬಸ್ ಹತ್ತುತಿದ್ವಿ.”

೫.೩೦ಕ್ಕೆ ಬೆರಳಚ್ಚು ತಜ್ಞರು ರಾಮನಗರದಿಂದ ಬಂದರು. ಚೆಲುವಯ್ಯನ ಸೇವಾ ಪುಸ್ತಕದ ಗುರುತನ್ನು ಪಕ್ಕದಲ್ಲಿಟ್ಟು ನೋಡಲು ಅವರಿಗೆ ಕಾಲು ಗಂಟೆ ಸಾಕಾಯಿತು. ೬ಕ್ಕೆ ಎಫ್‌ಐಆರ್ ದಾಖಲಾಯಿತು: ಕೊಲೆ, ಸಾಕ್ಷ್ಯನಾಶ. ಬೆಳಗಿನಿಂದ ಬೆಂಚಿನ ಮೇಲಿದ್ದ ಬದ್ರುನ್ನೀಸಾಗೆ ಸೌಮ್ಯ ಪ್ರತಿ ಕೊಟ್ಟಳು.

“ಇದ್ರಲ್ಲಿ ಅವ್ರನ್ನ ಬಿಟ್ಟು ಕಳ್ಸುದ್ರು ಅಂತ ಐತಾ?”

“ಇಲ್ಲ ಕಣಮ್ಮ. ಠಾಣೇಲಿ ಸತ್ರು ಅಂತೈತೆ.”

ಅವಳು ಕಾಗದ ಮಡಿಸಿ ಸೆರಗಿನಲ್ಲಿಟ್ಟುಕೊಂಡು ಮಸೀದಿಯ ಕಡೆ ನಡೆದಳು.

ಬಂಧಿತರ ಹಕ್ಕುಗಳ ಹಲಗೆ ಗೋಡೆಯಲ್ಲಿತ್ತು. ಅದರ ಮೇಲೆ ಯಾರೋ ಕ್ಯಾಲೆಂಡರ್ ತೂಗುಹಾಕಿದ್ದರು. ಸೌಮ್ಯ ಅದನ್ನು ತೆಗೆದಳು. ೬.೨೫ಕ್ಕೆ ಬೋರಲಿಂಗಯ್ಯ ಹಲಗೆ ನೋಡಿಕೊಂಡೇ ಬಂಧನದ ಮೆಮೊ ತುಂಬಿದರು.

“ಮನೇಲಿ ಯಾರಿಗೆ ತಿಳಿಸ್ಬೇಕು?”

ಮೂವತ್ತೊಂದು ವರ್ಷದ ನೌಕರಿಯಲ್ಲಿ ಚೆಲುವಯ್ಯ ಯಾರಿಗೂ ಆ ಪ್ರಶ್ನೆ ಕೇಳಿರಲಿಲ್ಲ. ಆಮೇಲೆ ಹೇಳಿಕೆ ಕೊಟ್ಟ. ಮಂಗಳವಾರ ನಾಲ್ಕರ ಹೊತ್ತಿಗೆ ಗಫಾರ್ ಮಾತು ನಿಲ್ಲಿಸಿದ್ದ. ಬೆಳಗಿನ ಜಾವ ಜೀಪಿನಲ್ಲಿ ಒಯ್ದು ಹಳಿಯ ಮೇಲೆ ಮಲಗಿಸಿದ್ದು ತಾನೇ.

“ಯಾಕೆ ಹೊಡೆದ್ರಿ?”

“ನಂಗೆ ಸೀನಿಯರ್ ಕಲ್ಸಿದ್ದು ಅದೊಂದೇ ಸಾರ್. ಹೋದ್ ವರ್ಸ ಮೂರು ದಿನ ಮಾನವ ಹಕ್ಕು ಟ್ರೈನಿಂಗ್ ಕೊಟ್ರು. ಹೊಡೀಬ್ಯಾಡಿ ಅಂದ್ರು. ಹೊಡೀದೆ ಕೇಳಾದು ಹೆಂಗೆ ಅಂತ ಹೇಳ್ಕೊಡ್ಲಿಲ್ಲ. ನಿನ್ನೆ ಮಧ್ಯಾಹ್ನ ನೀವು ಬಿಡದಿಯಿಂದ ಫೋನ್ ಮಾಡುದ್ರಿ. ಗುರುವಾರ ಎಸ್‌ಪಿ ಮೀಟಿಂಗು, ಹೆಂಗಾದ್ರೂ ಮಾಡಿ ಅಷ್ಟ್ರೊಳಗೆ ಮೋಟಾರು ಕಕ್ಕಿಸು ಅಂದ್ರಿ.”

ಬೋರಲಿಂಗಯ್ಯನವರ ಪೆನ್ನು ನಿಂತಿತು. ಸೌಮ್ಯ ನೆಲ ನೋಡುತ್ತಿದ್ದಳು. ಮುಂದಿನ ತನಿಖೆ ನಡೆಸುವ ಸಿಒಡಿಯವರು ಕಡತ ಒಯ್ಯಲು ಇನ್ನೊಂದು ಗಂಟೆಗೆ ಬರುವವರಿದ್ದರು.

ಬೋರಲಿಂಗಯ್ಯ ಜೇಬಿನಿಂದ ಮೊಬೈಲ್ ತೆಗೆದು ಕರೆಯ ಹೊತ್ತು ನೋಡಿಕೊಂಡರು. ೧.೧೦. ಅದನ್ನು ಬರೆದು, ‘ಹೆಂಗಾದ್ರೂ ಮಾಡಿ’ ಎಂಬ ಮಾತನ್ನು ಚೆಲುವಯ್ಯ ಹೇಳಿದಂತೆಯೇ ಬರೆದರು. ಹೇಳಿದವರು ಯಾರೆಂಬಲ್ಲಿ ತಮ್ಮ ಪೂರ್ತಿ ಹೆಸರು, ಹುದ್ದೆ ಬರೆದು ಕೆಳಗೆ ಸಹಿ ಹಾಕಿದರು.